ಹಿಂದಿನ ಸೀಟಿನ ಯೋಜನೆ

ಮಾನ್‌ಸ್ಟರ್‌ಗಳನ್ನು ಕಾದಾಡಿಸುವ ಮೊಬೈಲ್ ಆಟದ ಫೈನಲ್‌ಗೆಂದು ನಿಟ್ಟೆಗೆ ಹೊರಟಿದ್ದ ಉಮೈರಾಳಿಗೆ ಬಸ್ಸಿನ ಹಿಂದಿನ ಸೀಟಿನಿಂದ ಎದುರಾಳಿ ಯಶ್ಮಿತಾಳ ದನಿ ಕೇಳಿಸಿತು. ಜೊತೆಗೆ ಅವಳ ಗೆಳತಿ ವಿಜೇತಾ. ಉಮೈರಾ ತಲೆ ತಗ್ಗಿಸಿ ಕಿವಿಗೊಟ್ಟಳು.

“ಉಮೈರಾ ಮೊದಲು ಎಂತ ಇಳಿಸ್ತಾಳೆ?” ವಿಜೇತಾ ಕೇಳಿದಳು.

“ಬೆಂಕಿಹಾವು. ನನ್ನ ನೀರೇಡಿ ಕಂಡ ಕೂಡಲೇ ವಾಪಸ್ ಕರೀತಾಳೆ. ಮೊದಲಿನಿಂದ ಸಾಕಿದ್ದು ಅಲ್ವಾ, ಸಾಯಲು ಬಿಡುವುದಿಲ್ಲ.”

“ಕರೆಯದಿದ್ದರೆ?”

“ಏಡಿಯೇ ಮುಗಿಸ್ತದೆ ಮಾರಾಯ್ತಿ.”

ಹಾವಿನ ಬದಲು, ಏಡಿಯನ್ನು ತುಳಿಯಬಲ್ಲ ತನ್ನ ಕಲ್ಲಾನೆಯನ್ನೇ ಇಳಿಸಿದರೆ? ಉಮೈರಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

“ಆದರೆ ಇವತ್ತು ಹಾವು ಬರುವುದಿಲ್ಲ, ಕಲ್ಲಾನೆ ಬರ್ತದೆ,” ಯಶ್ಮಿತಾ ಮುಂದುವರಿಸಿದಳು. “ ಅದಕ್ಕೆ ನನ್ನ ಹತ್ತಿರ ಮುಳ್ಳುಬಳ್ಳಿ ಉಂಟು.”



“ಇವತ್ತು ಮಾತ್ರ ಯಾಕೆ?”

“ನಾವು ಹೇಳಿದ್ದೆಲ್ಲ ಕೇಳಿದ್ದಾಳಲ್ಲ.”

ಬಸ್ಸು ನಿಂತಿತು. ಯಶ್ಮಿತಾ ಇಳಿಯುತ್ತಾ ಉಮೈರಾಳ ಭುಜ ತಟ್ಟಿದಳು.

“ಬಾ ಉಮೈರಾ, ನಿಟ್ಟೆ ಬಂತು.”