ಹದಿನೇಳನೇ ಮೆಟ್ಟಿಲಿಗೆ ಯಾವ ಭಾಷೆ?

ಅಧ್ಯಕ್ಷರ ಕುರ್ಚಿಯಲ್ಲಿ ವಿರಾಜಮಾನರಾದ ಮಾಲೀಕರೇ, ದಯಮಾಡಿಸಿದ ಅತಿಥಿಗಳೇ, ನಕ್ಷೆ ವಿಭಾಗದ ಬಂಧುಗಳೇ, ಊಟಕ್ಕೆ ಎಲ್ಲರಿಗಿಂತ ಮೊದಲು ಓಡಲೆಂದು ಬಾಗಿಲ ಪಕ್ಕದಲ್ಲೇ ಜಾಗ ಹಿಡಿದಿರುವ ಬೆಸುಗೆ ವಿಭಾಗದ ಶೂರರೇ, ಸಮಸ್ತ ಸಭಿಕರೇ! ಮೈಕ್ ತೆಗೆದುಬಿಡಿ. ಹನ್ನೆರಡು ವರ್ಷ ರಂಗದ ಮೇಲೆ ರಾಕ್ಷಸನಾಗಿ ಗರ್ಜಿಸಿದ ಕಂಠವಿದು!

ಕಬ್ಬಿಣದ ಮೆಟ್ಟಿಲು ಮಾಡುವ ಈ ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ನನ್ನನ್ನು ಸನ್ಮಾನಿಸಿದ್ದೀರಿ. ಏತಕ್ಕೆ? ಎತ್ತರ ಹೇಳಿದರೆ ಸಾಕು, ಮೆಟ್ಟಿಲ ಸಾಲಿನ ನಕ್ಷೆ ತಾನೇ ಬರೆಯುವಂತೆ ನಮ್ಮ ಕ್ಯಾಡ್ ತಂತ್ರಾಂಶಕ್ಕೆ ಕಲಿಸಿದ್ದಕ್ಕೆ. ಮುಂದಿನ ಪ್ರೋಗ್ರಾಮುಗಳನ್ನೆಲ್ಲ ಯಾವ ಭಾಷೆಯಲ್ಲಿ ಬರೆಯಬೇಕೆಂದು ನಾನೇ ಇಲ್ಲಿಂದ ಸಾರಬೇಕಂತೆ. ಆ ಕೆಲಸಕ್ಕೆ ಮುಖ್ಯಸ್ಥನೂ ನಾನೇ ಎಂದು ಆಮಂತ್ರಣದಲ್ಲಿ ಅಚ್ಚಾಗಿಬಿಟ್ಟಿದೆ.

ಮೊದಲ ಸಲ ನಾನು ಆರಿಸಿದ್ದು ಯಾವುದನ್ನು? ಸಿ ಪ್ಲಸ್ ಪ್ಲಸ್! ಆಹಾ, ಹೆಸರಿನಲ್ಲೇ ಎರಡು ಕಿರೀಟ! ತಂತ್ರಾಂಶದೊಳಗೇ ಲಿಸ್ಪ್ ಎಂಬ ಹಳೆಯ ಭಾಷೆಯೂ ಇತ್ತು. ಎಲ್ಲಿ ನೋಡಿದರೂ ಕಂಸಗಳು. ಅದನ್ನು ನೆಚ್ಚಿದವರು ಒಬ್ಬರೇ. ನನ್ನ ಅಣ್ಣನ ಹೆಂಡತಿ, ಇಪ್ಪತ್ತು ವರ್ಷದಿಂದ ಇಲ್ಲೇ ನಕ್ಷೆ ಬರೆಯುತ್ತಿರುವ ನನ್ನ ಅತ್ತಿಗೆ.

"ಅತ್ತಿಗೆ, ಅದು ಮುದುಕರ ಭಾಷೆ ಕಣ್ರೀ" ಎಂದೆ.

"ಇರ್ಲಿ ಬಿಡಪ್ಪ. ನಾನು ಬರೆದಿದ್ದು ನಂಗೆ ಓದೋಕೆ ಬರುತ್ತೆ. ನಿಂದು ನಿಂಗಾದ್ರೂ ಬರುತ್ತಾ?"

ಮೂರು ತಿಂಗಳು ಬರೆದೆ. ಮೊದಲ ನಕ್ಷೆಯಂತೆ ಒಂದು ಗ್ರಂಥಾಲಯಕ್ಕೆ ಮೆಟ್ಟಿಲು ನಿಂತಿತು. ನೋಡಲು ಬಂದ ಮಾಲೀಕರು ಗಂಭೀರವಾಗಿ ಹತ್ತಿ, ಕೊನೆಯ ಮೆಟ್ಟಿಲಲ್ಲಿ ಎಡವಿ, ನೇರ ಗ್ರಂಥಪಾಲಕರ ತೋಳಿಗೆ ಬಿದ್ದರು! ನಗಬೇಡಿ. ಸರಿ, ನಗಿ. ಅವರೇ ನಗುತ್ತಿದ್ದಾರೆ.

ತಪ್ಪೆಲ್ಲಿ? ಮೂರು ಸಾವಿರ ಮಿಲಿಮೀಟರ್ ಎತ್ತರ, ಹದಿನೇಳು ಮೆಟ್ಟಿಲು. ಒಂದೊಂದಕ್ಕೂ ನೂರ ಎಪ್ಪತ್ತಾರು, ಮೇಲೊಂದಿಷ್ಟು ಚಿಲ್ಲರೆ. ನಕ್ಷೆ ಲಕ್ಷಣವಾಗಿರಲೆಂದು ಆ ಚಿಲ್ಲರೆಯನ್ನು ನಾನು ಕತ್ತರಿಸಿದ್ದೆ. ಕತ್ತರಿಸಿದ್ದೆಲ್ಲ ಸೇರಿ ಕೊನೆಯ ಮೆಟ್ಟಿಲು ಉಳಿದವಕ್ಕಿಂತ ಎಂಟು ಮಿಲಿಮೀಟರ್ ಎತ್ತರವಾಗಿತ್ತು. ಕಾಲು ಎಡವಲು ಅಷ್ಟು ಸಾಕು!

ತಿದ್ದಲು ನಾನು ಆಫೀಸಿಗೆ ಹೋಗಿ ಇಡೀ ಪ್ರೋಗ್ರಾಮನ್ನು ಮತ್ತೆ ಕಟ್ಟಬೇಕಿತ್ತು. ಎರಡು ದಿನ ಹುಡುಕಿದೆ. ನಾನೇ ಬರೆದ ಸಾಲು ನನಗೇ ಸಿಗಲಿಲ್ಲ. ಅತ್ತಿಗೆ ಆ ಗ್ರಂಥಾಲಯದ ನೆಲದ ಮೇಲೇ ಕೂತು, ಲ್ಯಾಪ್‌ಟಾಪಿನಲ್ಲಿ ಲಿಸ್ಪ್‌ನ ನಲವತ್ತು ಸಾಲು ಬರೆದರು. ಪಕ್ಕದಲ್ಲಿದ್ದ ಮೇಸ್ತ್ರಿ ಇಣುಕಿ, "ಅಮ್ಮಾ, ಇಲ್ಲಿ ಭಾಗಿಸ್ತಾ ಇದೀರಲ್ವಾ? ಚಿಲ್ಲರೆ ಬಿಡಬೇಡಿ ಮತ್ತೆ" ಎಂದ. ಕಂಪ್ಯೂಟರ್ ಮುಟ್ಟದ ಮೇಸ್ತ್ರಿಗೂ ಅದು ಅರ್ಥವಾಯಿತು, ಸಭಿಕರೇ! ಭಾಷೆ ಆರಿಸುವಾಗ ನಾನು ಕೇಳಬೇಕಿದ್ದುದು ಇದನ್ನಲ್ಲವೇ? ಮೆಟ್ಟಿಲು ಬಲ್ಲವರಿಗೆ ತಪ್ಪು ಕಾಣುತ್ತದೆಯೇ ಎಂಬುದನ್ನಲ್ಲವೇ?

ಮಾಲೀಕರು ಬಂದು "ನೀವೇ ಸರಿ ಮಾಡಿದ್ರಾ?" ಎಂದರು. ನಾನು ಎದೆಯುಬ್ಬಿಸಿ "ಹೂಂ" ಎಂದುಬಿಟ್ಟೆ. ಅತ್ತಿಗೆ ಆಮೇಲೆ ಅಂದದ್ದಿಷ್ಟೇ: "ನಾಟಕದವರ ಮನೆ ಸೊಸೆ ನಾನು. ಇಂಥದ್ದೆಲ್ಲ ಎಷ್ಟು ನೋಡಿಲ್ಲ!"

ಆರು ತಿಂಗಳಿಂದ ನೀವು ಬಳಸುತ್ತಿರುವುದು ಆ ನಲವತ್ತು ಸಾಲನ್ನೇ, ಈಗಷ್ಟೇ ಚಪ್ಪಾಳೆ ತಟ್ಟಿದ್ದೂ ಅದಕ್ಕೇ. ಆದ್ದರಿಂದ ಸಾರುತ್ತೇನೆ: ಭಾಷೆ ಲಿಸ್ಪ್! ಮಾಲೀಕರು ಒಪ್ಪಿದರೆ ಮುಖ್ಯಸ್ಥೆ ಅತ್ತಿಗೆ! ಒಪ್ಪಿದರು, ತಲೆಯಾಡಿಸಿದರು, ನೀವೆಲ್ಲ ಸಾಕ್ಷಿ! ಅತ್ತಿಗೆ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಡಿ, ಎದ್ದು ನಿಲ್ಲಿ!

ಇಷ್ಟು ಹೊತ್ತು ನನ್ನ ಗರ್ಜನೆ ಸಹಿಸಿದ ನಿಮ್ಮ ಕಿವಿಗಳಿಗೆ ಧನ್ಯವಾದ, ನಿಮ್ಮೆಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ನಾನು ಹೊಸ ನೋಟ್‌ಬುಕ್ ಹಿಡಿದು ಅತ್ತಿಗೆಯ ಎದುರು ಪಾಠಕ್ಕೆ ಕೂರುತ್ತೇನೆ. ತಪ್ಪಿದರೆ ಬೈಯಲಿ, ಇಡೀ ಕಾರ್ಖಾನೆಗೆ ಕೇಳುವಂತೆ ಬೈಯಲಿ!