ಐವತ್ತಕ್ಕೆ ಐವತ್ತು

ಗೌರವಾನ್ವಿತ ಅಧ್ಯಕ್ಷರೇ, ಕಪ್ಪನ್ನು ಕೊಡುಗೆಯಾಗಿ ನೀಡಿರುವ ಕ್ರೀಡಾ ಸಾಮಗ್ರಿ ಅಂಗಡಿಯ ಯಜಮಾನರೇ, ನಮ್ಮ ಕಾಲೇಜಿನ ಸಂಚಾಲಕಿ ಮೇಡಂ ಅವರೇ, ಬಾಲಕಿಯರ ವಸತಿಗೃಹದ ವಾರ್ಡನ್ ಅಮ್ಮನವರೇ, ಆರು ತಂಡಗಳ ಆಟಗಾರ್ತಿಯರೇ, ಈ ವರ್ಷ ಹೊಸದಾಗಿ ಹೆಸರು ಕೊಟ್ಟಿರುವ ಸ್ವಯಂಸೇವಕರೇ, ಹಾಗೂ ಚಹಾ ಬರುವವರೆಗೆ ಎದ್ದು ಹೋಗುವುದಿಲ್ಲ ಎಂದು ತೀರ್ಮಾನಿಸಿ ಕುಳಿತಿರುವ ಎಲ್ಲ ಸಭಿಕರೇ,

ನನಗೆ ಕೊಟ್ಟಿರುವ ಸಮಯ ಐದು ನಿಮಿಷ. ವರ್ಷದ ವರದಿ ಓದಬೇಕು, ಆಮೇಲೆ ನಡತೆಯ ಕಪ್ಪಿನ ಪ್ರದಾನ ಆಗಬೇಕು. ಕಪ್ಪು ಇಲ್ಲೇ ಮೇಜಿನ ಮೇಲಿದೆ. ಆದರೆ ಆ ಕಪ್ಪಿನ ಬಗ್ಗೆಯೇ ನಾನು ಒಂದು ಮಾತು ಹೇಳಬೇಕಾಗಿದೆ, ಅದು ಐದು ನಿಮಿಷಕ್ಕೆ ಮುಗಿಯುವುದಿಲ್ಲ. ಬೆಳಿಗ್ಗೆ ಮೇಡಂ ಅವರಿಗೆ ಹೇಳಿದೆ. ಅವರು, "ವರದಿ ಬರೆದವಳು ನೀನು ತಾನೇ? ವೇದಿಕೆ ಮೇಲೆ ನೀನೇ ಹೇಳು" ಅಂದರು. ಇದು ನನ್ನ ಮೊದಲ ಭಾಷಣ. ಧ್ವನಿ ನಡುಗಿದರೆ ಮೈಕಿನ ದೋಷ ಎಂದುಕೊಳ್ಳಬೇಕಾಗಿ ವಿನಂತಿ.

ಹೊಸಬರಿಗಾಗಿ ನಮ್ಮ ಕೆಲಸ ಏನೆಂದು ಮೊದಲು ಹೇಳುತ್ತೇನೆ. ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಆರು ಕಡೆ ಹೋಗಿ ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಾರೆ. ಐದು ಶಾಲೆಗಳು, ಒಂದು ವಸತಿಗೃಹ. ಆಟದ ಜೊತೆಗೆ ವಾರಕ್ಕೊಂದು ಮೌಲ್ಯ. ಒಂದು ವಾರ ಪ್ರಾಮಾಣಿಕತೆ, ಒಂದು ವಾರ ಗೌರವ, ಒಂದು ವಾರ ತಾಳ್ಮೆ. ತಾಳ್ಮೆಯ ವಾರ ನಮ್ಮ ಬಸ್ಸು ಒಂದು ಗಂಟೆ ತಡವಾಗಿ ಬಂತು. ಆ ವಾರದ ಪಾಠವನ್ನು ಬಸ್ಸೇ ಮಾಡಿತು, ನಾನು ಏನೂ ಹೇಳಬೇಕಾಗಲಿಲ್ಲ.

ನಮ್ಮ ಪಂದ್ಯಗಳಲ್ಲಿ ರೆಫರಿ ಇರುವುದಿಲ್ಲ. ತಪ್ಪು ಮಾಡಿದವಳು ತಾನೇ ಕೈ ಎತ್ತಬೇಕು. ಮೊದಲರ್ಧ, ಎರಡನೆಯ ಅರ್ಧ ಮುಗಿದ ಮೇಲೆ ಎರಡೂ ತಂಡದವರು ನೆಲದ ಮೇಲೆ ವೃತ್ತವಾಗಿ ಕುಳಿತು, ಎದುರಾಳಿಗಳು ಹೇಗೆ ನಡೆದುಕೊಂಡರು ಎಂದು ಮಾತಾಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಇದಕ್ಕೆ ಮೂರನೆಯ ಅರ್ಧ ಎಂದು ಹೆಸರು. ನನ್ನ ಅಪ್ಪ ಗಣಿತದ ಮೇಷ್ಟ್ರು. ಕೇಳಿದವರೇ, "ಯಾವ ವಸ್ತುವಿಗಮ್ಮಾ ಮೂರು ಅರ್ಧ ಇರೋದು?" ಅಂದರು. ಗೋಲುಗಳಿಗೆ ಒಂದು ಕಪ್ಪು, ಈ ಮೂರನೆಯ ಅರ್ಧದ ಅಂಕಗಳಿಗೆ ಇನ್ನೊಂದು. ಮೇಜಿನ ಮೇಲಿರುವುದು ಎರಡನೆಯದು, ದೊಡ್ಡದು.

ನಾನು ಇಲ್ಲಿಗೆ ಬಂದದ್ದು ಆಟದ ಪ್ರೀತಿಯಿಂದಲ್ಲ. ಸಾಹಿತ್ಯದ ವಿದ್ಯಾರ್ಥಿನಿಯಾಗಿದ್ದೆ, ಗ್ರಂಥಾಲಯದ ಕೆಲಸಕ್ಕೆ ಹೆಸರು ಕೊಡೋಣವೆಂದು ಹೋದೆ, ಅಲ್ಲಿ ಜಾಗ ತುಂಬಿತ್ತು. ಉಳಿದದ್ದು ಫುಟ್‌ಬಾಲ್. ನನ್ನ ಪಾಲಿಗೆ ಬಂದ ವಸತಿಗೃಹದ ಅಂಗಳದಲ್ಲಿ ಮೊದಲ ದಿನ ಚೆಂಡು ನನ್ನ ಕಡೆ ಬಂದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಚೆಂಡು ಒಣಗಲು ಹಾಕಿದ್ದ ಹಾಸಿಗೆ ಹೊದಿಕೆಗಳ ಸಾಲಿಗೆ ನುಗ್ಗಿತು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಜೊತೆಗಿದ್ದ ದೈಹಿಕ ಶಿಕ್ಷಣದ ವಿದ್ಯಾರ್ಥಿ, ಕೊರಳಿಗೆ ವಿಷಲ್ ಕಟ್ಟಿಕೊಂಡಿದ್ದರೂ ನಿಯಮದ ಪ್ರಕಾರ ಒಮ್ಮೆಯೂ ಊದಲಾಗದವನು, ಒಂದು ಪುಸ್ತಕ ಪೆನ್ನು ನನ್ನ ಕೈಗಿಟ್ಟು, "ನೀವು ಬರ್ಕೊಳಿ, ಸಾಕು" ಅಂದ. ಅಂದಿನಿಂದ ಅವನು ವಿಷಲ್ ಅಣ್ಣ, ನಾನು ಬರೆಯೋ ಅಕ್ಕ.

ತಂಡದ ನಾಯಕಿ ಗೋಲ್‌ಕೀಪರ್. ಅವಳನ್ನು ಎಲ್ಲರೂ ಬೀಗ ಎಂದೇ ಕರೆಯುತ್ತಾರೆ. ಹದಿಮೂರು ವರ್ಷ. ಮಾತು ಕಡಿಮೆ, ನೋಟ ಜಾಸ್ತಿ. ಮೊದಲ ತಿಂಗಳು ನನ್ನೊಡನೆ ಅವಳು ಆಡಿದ ಮಾತು ಒಂದೇ. "ಅಕ್ಕಾ, ಗೋಲ್ ಹಿಂದೆ ನಿಂತ್ಕೋಬೇಡಿ. ನೀವು ಹೆದರೋದು ನೋಡಿ ನಂಗೂ ಹೆದ್ರಿಕೆ ಆಗುತ್ತೆ."

ಪಂದ್ಯಗಳು ಶುರುವಾದವು. ಗೋಲುಗಳಲ್ಲಿ ನಾವು ಒಮ್ಮೆ ಗೆದ್ದೆವು, ಒಮ್ಮೆ ಸೋತೆವು, ಒಮ್ಮೆ ಸಮ ಮಾಡಿಕೊಂಡೆವು. ನಡತೆಯಲ್ಲಿ ಮಾತ್ರ ಪ್ರತಿ ಸಲವೂ ಹತ್ತಕ್ಕೆ ಹತ್ತು. ಬೇರೆ ಯಾವ ತಂಡಕ್ಕೂ ಒಮ್ಮೆಯೂ ಬಾರದ ಹತ್ತು ನಮಗೆ ಬಿಟ್ಟೂಬಿಡದೆ ಬರುತ್ತಿತ್ತು. ನಾನು ಹಿಗ್ಗಿ ಹೋದೆ. ಗೋಡೆಯ ಮೇಲೆ ಪಟ್ಟಿ ಮಾಡಿ ಅಂಟಿಸಿದೆ. ಕಾಲೇಜಿನ ಪತ್ರಿಕೆಗೆ ಲೇಖನ ಬರೆದೆ. ಸ್ವಲ್ಪ ಹೊತ್ತಿಗೆ ಮುಂಚೆ ಅಂಗಡಿಯ ಯಜಮಾನರು ತುಂಬು ಹೃದಯದಿಂದ ಓದಿದ್ದು ಅದನ್ನೇ. ಕಷ್ಟದಲ್ಲಿ ಬೆಳೆದ ಮಕ್ಕಳೇ ನಮಗೆ ನಡತೆ ಕಲಿಸುತ್ತಾರೆ ಎಂಬ ಸಾಲು ನನ್ನದು. ಕೇಳುತ್ತಾ ನಾನು ಮೇಜುಬಟ್ಟೆಯ ಅಂಚನ್ನು ನೋಡುತ್ತಾ ಕುಳಿತಿದ್ದೆ.

ಯಾಕೆಂದರೆ ಹುಡುಗಿಯರು ಹಿಗ್ಗಿರಲಿಲ್ಲ. ಅದು ನನಗೆ ಕಂಡಿತ್ತು, ಆದರೆ ಅರ್ಥವಾಗಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಪ್ರಶ್ನೆ ಬರುತ್ತಿತ್ತು, "ಬರೆಯೋ ಅಕ್ಕಾ, ಎಷ್ಟು?" ನಾನು ಹತ್ತು ಅನ್ನುತ್ತಿದ್ದೆ. ಬಸ್ಸು ಸುಮ್ಮನಾಗುತ್ತಿತ್ತು. ಎದುರಾಳಿಗಳಿಗೆ ಅವರು ಕೊಡುತ್ತಿದ್ದದ್ದು ಏಳು, ಆರು, ಎಂಟು. ಕೊಡುವ ಮುಂಚೆ ಕಾಲು ಗಂಟೆ ಗುಸುಗುಸು. "ನಂಬರ್ ಮೂರು ಕೈ ಎತ್ತಲಿಲ್ಲ, ಒಂದು ಕಟ್." "ಆದ್ರೆ ಬಿದ್ದವಳನ್ನ ಎತ್ತಿದ್ಲು ಕಣೇ." "ಸರಿ, ಅರ್ಧ ಕಟ್." ಇಷ್ಟು ಲೆಕ್ಕಾಚಾರ ನೋಡಿ ನಾನೇ ಬುದ್ಧಿ ಹೇಳಿದ್ದೆ: ಅವರು ನಿಮಗೆ ಧಾರಾಳವಾಗಿ ಕೊಡ್ತಾರೆ, ನೀವೂ ಸ್ವಲ್ಪ ಧಾರಾಳವಾಗಿರಿ ಎಂದು. ಬೀಗ ನನ್ನ ಮುಖ ನೋಡಿದಳು.

ಐದನೆಯ ಪಂದ್ಯ ಕೊನೆಯದು. ಎದುರಾಳಿ ತಂಡದ ನಾಯಕಿ ಕನ್ನಡಕಕ್ಕೆ ಎಲಾಸ್ಟಿಕ್ ಕಟ್ಟಿಕೊಂಡು ಆಡುವ ಹುಡುಗಿ, ಈಗ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಆ ದಿನ ಬೀಗ ಗೋಲು ಬಿಟ್ಟು ಮುಂದೆ ಆಡುತ್ತೇನೆ ಅಂದಳು. ಆಡಿದಳು. ಕನ್ನಡಕದ ನಾಯಕಿಯ ಅಂಗಿ ಹಿಡಿದು ಎಳೆದಳು, ಕೈ ಎತ್ತಲಿಲ್ಲ. ಚೆಂಡನ್ನು ಬೇಕೆಂದೇ ಕಾಂಪೌಂಡಿನಾಚೆ ಒದ್ದಳು, ಕೈ ಎತ್ತಲಿಲ್ಲ. ವಿಷಲ್ ಅಣ್ಣನ ಕೈ ಎರಡು ಸಲ ವಿಷಲ್‌ವರೆಗೂ ಹೋಗಿ ಬಂತು.

ಮೂರನೆಯ ಅರ್ಧದಲ್ಲಿ ಕನ್ನಡಕದ ನಾಯಕಿ ಹರಿದ ಅಂಗಿಯನ್ನು ಸರಿಮಾಡಿಕೊಳ್ಳುತ್ತಾ ತನ್ನ ತಂಡದ ಸ್ವಯಂಸೇವಕಿಯನ್ನು ನೋಡಿದಳು. ಆಕೆ ಮೆಲ್ಲಗೆ ತಲೆಯಾಡಿಸಿದಳು. "ಹತ್ತು" ಅಂದಳು ಹುಡುಗಿ.

"ಯಾಕೆ?" ಬೀಗ ಕೇಳಿದಳು.

"ಅಂದ್ರೆ... ನೀವು ಚೆನ್ನಾಗಿ ಆಡಿದ್ರಿ."

"ನಿನ್ನ ಅಂಗಿ ಹರಿದದ್ದು ಯಾರು?"

ಹುಡುಗಿ ಮತ್ತೆ ಸ್ವಯಂಸೇವಕಿಯ ಕಡೆ ತಿರುಗಿದಳು. ಬೀಗ ಎದ್ದು ಹೋಗಿ ಬಸ್ಸಿನಲ್ಲಿ ಕುಳಿತಳು.

ನಾನು ಹಿಂದೆಯೇ ಹೋಗಿ, ಬೇಸರದಿಂದ, ಹೀಗೇಕೆ ಮಾಡಿದೆ ಎಂದು ಕೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ಎಷ್ಟು ಕೆಟ್ಟದಾಗಿ ಆಡಿದ್ರೆ ಒಂಬತ್ತು ಕೊಡ್ತಾರೆ ಅಂತ ನೋಡ್ದೆ. ಕೊಡಲ್ಲ ಅಕ್ಕ. ಅವ್ರು ಆಟ ನೋಡೋದೇ ಇಲ್ಲ."

ನಾನು, ಹಾಗಲ್ಲಮ್ಮ, ಎಂದು ಏನೋ ಹೇಳಲು ಹೋದೆ.

"ನೀವೇ ಹೇಳಿದ್ರಲ್ಲ ಅವ್ರಿಗೆ," ಅಂದಳು. "ಮೊದಲ್ನೇ ಮ್ಯಾಚ್ ದಿನ. ನಾನು ನೀರು ಕುಡಿಯಕ್ಕೆ ಬಂದಿದ್ದೆ. 'ಪಾಪ, ಯಾರೂ ಇಲ್ದೇ ಇರೋ ಮಕ್ಕಳು, ಅಂಕ ಕೊಡೋವಾಗ ಸ್ವಲ್ಪ ನೋಡ್ಕೊಳಿ' ಅಂತ."

ಸಭಿಕರೇ, ನಾನು ಹಾಗೆ ಹೇಳಿದ್ದು ನಿಜ. ಒಂದು ಸಲವಲ್ಲ. ಐದು ಪಂದ್ಯ, ಐದು ಸಲ. ಪಂದ್ಯಕ್ಕೆ ಮುಂಚೆ ಎದುರು ತಂಡದ ಸ್ವಯಂಸೇವಕರನ್ನು ಪಕ್ಕಕ್ಕೆ ಕರೆದು ಹೇಳುತ್ತಿದ್ದೆ. ಲೆಕ್ಕಕ್ಕೆ ಸೇರಿದ ಐವತ್ತಕ್ಕೆ ಐವತ್ತು ಹುಡುಗಿಯರು ಗಳಿಸಿದ್ದಲ್ಲ. ನಾನು ಕೇಳಿ ಪಡೆದದ್ದು. ಪ್ರಾಮಾಣಿಕತೆಯ ವಾರ ಪಾಠ ಮಾಡಿದ್ದೂ ನಾನೇ.

ಯಾಕೆ ಹಾಗೆ ಮಾಡಿದೆ? ಪ್ರೀತಿಯಿಂದ ಎಂದು ಹೇಳಿಕೊಳ್ಳಬಹುದು. ಆದರೆ ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿದಿರಬೇಕಿತ್ತು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಪದ್ಯ ಕಂಠಪಾಠದ ಪರೀಕ್ಷೆ ಇತ್ತು. ಅಪ್ಪ ಮೂರು ಸಂಜೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದರು. ಗಣಿತದ ಮೇಷ್ಟ್ರಿಗೆ ಪದ್ಯದ ರಾಗ ಗೊತ್ತಿರಲಿಲ್ಲ, ಮಗ್ಗಿಯ ಹಾಗೆ ಹೇಳಿಕೊಟ್ಟರು. ಆ ವರ್ಷ ಮನೆಯಲ್ಲಿ ಅದನ್ನೂ ಅವರೇ ಮಾಡಬೇಕಿತ್ತು. ನನ್ನ ಸರದಿ ಬಂದಾಗ ಎದ್ದು ನಿಂತೆ. ಟೀಚರ್, "ಬೇಡ ಪುಟ್ಟಿ, ನೀನು ಕೂತ್ಕೋ" ಅಂದರು. ಪಕ್ಕದ ಟೀಚರಿಗೆ, "ತಾಯಿ ಹೋಗಿ ಇನ್ನೂ ತಿಂಗಳಾಗಿಲ್ಲ ಪಾಪ" ಅಂದರು. ಹತ್ತಕ್ಕೆ ಹತ್ತು. ಅಪ್ಪ ಅಂಕಪಟ್ಟಿ ನೋಡಿ, "ರಾಗ ಸರಿಯಾಗಿ ಬಂತಾ?" ಎಂದು ಕೇಳಿದರು. ಬಂತು ಅಂದೆ. ಆ ಟೀಚರ್ ತುಂಬಾ ಒಳ್ಳೆಯವರು. ಆಮೇಲೆ ಆ ಶಾಲೆಯಲ್ಲಿ ಯಾರೂ ನನ್ನನ್ನು ಎದ್ದು ನಿಲ್ಲು ಎನ್ನಲಿಲ್ಲ, ನಾನೂ ನಿಲ್ಲಲಿಲ್ಲ. ಇದನ್ನೆಲ್ಲ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಕ್ಷಮಿಸಿ. ವಿಷಯಕ್ಕೆ ಬರುತ್ತೇನೆ.

ನಡತೆಯ ಕಪ್ಪು ವಸತಿಗೃಹಕ್ಕೆ ಎಂದು ಪ್ರಕಟವಾದ ದಿನ ಹುಡುಗಿಯರು ಅಡುಗೆಮನೆಯ ಹಿಂದೆ ಸಭೆ ಸೇರಿದರು. ತೀರ್ಮಾನ ಹೇಳಲು ಬೀಗ ಬಂದಳು. "ನಾವು ಸ್ಟೇಜ್ ಹತ್ತಲ್ಲ." ವಾರ್ಡನ್ ಅಮ್ಮ, "ಕೊಡೋರು ಬೇಜಾರು ಮಾಡ್ಕೋತಾರೆ ಕಣೇ, ಅಷ್ಟು ದೊಡ್ಡ ಕಪ್ಪು" ಅಂದರು. "ಗೋಲಿಂದು ಚಿಕ್ಕದಾದ್ರೂ ಪರ್ವಾಗಿಲ್ಲ, ಅದನ್ನ ಮುಂದಿನ ವರ್ಷ ತಗೋತೀವಿ" ಎಂದು ಇನ್ನೊಬ್ಬಳು ಅಂದಳು. ವಾರ್ಡನ್ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗುವನ್ನೋ ಬೇರೆ ಏನನ್ನೋ ಮುಚ್ಚಿದರು, ನನಗೆ ಕಾಣಲಿಲ್ಲ.

ಹಾಗಾದರೆ ಏನು ಮಾಡೋಣ ಎಂದು ಕೇಳಿದೆ. "ಮತ್ತೆ ಅಂಕ ಹಾಕ್ಸಿ" ಅಂದಳು ಬೀಗ.

ಕಳೆದ ಹತ್ತು ದಿನಗಳಲ್ಲಿ ನಾವು ಐದೂ ಶಾಲೆಗಳಿಗೆ ಹೋದೆವು. ನಾನು ಪ್ರತಿ ತಂಡದ ಮುಂದೆ ನಿಂತು, ನಾನು ಹೇಳಿದ್ದು ತಪ್ಪು, ಅದನ್ನು ಮರೆತು ಆಟಕ್ಕೆ ಮಾತ್ರ ಅಂಕ ಕೊಡಿ ಎಂದೆ. ಎಂಟು ಬಂತು, ಏಳು ಬಂತು, ಆರು ಬಂತು. ಒಂದು ಶಾಲೆಯಲ್ಲಿ ಒಂಬತ್ತು ಬಂದಾಗ ಹುಡುಗಿಯರು, ಇದೂ ಪಾಪದ್ದಾ ಎಂದು ಜಗಳಕ್ಕೇ ನಿಂತರು. ಅಲ್ಲ, ಕಳೆದ ಸಲ ನೀವು ನಿಜವಾಗಿಯೂ ಹಾಗೆ ಆಡಿದಿರಿ ಎಂದು ಅವರು ಒಂದೊಂದೇ ಲೆಕ್ಕ ಒಪ್ಪಿಸಿದ ಮೇಲೆ ಬಿಟ್ಟರು.

ಕೊನೆಗೆ ಕನ್ನಡಕದ ನಾಯಕಿಯ ಶಾಲೆ. ಅವಳು ತಂಡದವರೊಡನೆ ಮಾತಾಡಿ ಬಂದು, "ನಾಲ್ಕು" ಅಂದಳು.

"ನಾಲ್ಕಾ? ಅಂಗಿ ಎಳೆದಿದ್ದು ಒಂದೇ ಸಲ!"

"ಎರಡು ಸಲ. ಎರಡನೇ ಸಲಕ್ಕೆ ಹೊಲಿಗೆ ಬಿಚ್ಚಿತು. ಅಮ್ಮನ ಹತ್ರ ಬೈಸಿಕೊಂಡೆ."

"ಚೆಂಡು ಆಚೆ ಒದ್ದಿದ್ದಕ್ಕೆ?"

"ಅದಕ್ಕೆ ಎರಡು ಕಟ್. ನಾನೇ ಗೋಡೆ ಹತ್ತಿ ತಂದಿದ್ದು."

ಬೀಗ ಬೆರಳು ಮಡಚಿ ಲೆಕ್ಕ ಹಾಕಿದಳು. "ಮೊದಲ್ನೇ ಅರ್ಧದಲ್ಲಿ ನಂಬರ್ ಐದರ ಕಾಲು ತುಳಿದಿದ್ದೆ. ಯಾರೂ ನೋಡ್ಲಿಲ್ಲ. ಅದೂ ಸೇರಿಸ್ಕೋ."

ಕನ್ನಡಕದ ನಾಯಕಿ ಅವಳನ್ನೇ ನೋಡಿ, ಅಂಕದ ಕಾರ್ಡಿನಲ್ಲಿದ್ದ ನಾಲ್ಕನ್ನು ಹೊಡೆದು ಐದು ಮಾಡಿದಳು. "ತುಳಿದದ್ದಕ್ಕೆ ಕಟ್ ಇಲ್ಲ. ಹೇಳಿದ್ದಕ್ಕೆ ಒಂದು ಜಾಸ್ತಿ." ಆ ದಿನ ಬಸ್ಸಿನಲ್ಲಿ ಮೊದಲ ಸಲ ಗಲಾಟೆಯೋ ಗಲಾಟೆ. ಐದಕ್ಕೆ ಅಷ್ಟು ಸಂಭ್ರಮಪಟ್ಟ ಮಕ್ಕಳನ್ನು ನಾನು ನೋಡಿರಲಿಲ್ಲ. ಚಾಲಕ, "ಏನು, ಕಪ್ ಗೆದ್ರಾ?" ಎಂದು ಕೇಳಿದ. "ಇಲ್ಲಣ್ಣ, ಸೋತ್ವಿ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ಅಧ್ಯಕ್ಷರೇ, ತಿದ್ದಿದ ಐದು ಕಾರ್ಡುಗಳು ಇಲ್ಲಿವೆ, ತಮ್ಮ ಮುಂದೆ ಇಡುತ್ತಿದ್ದೇನೆ. ವಸತಿಗೃಹದ ತಂಡಕ್ಕೆ ಮೂವತ್ತೈದು, ಮೂರನೆಯ ಸ್ಥಾನ. ಕನ್ನಡಕದ ನಾಯಕಿಯ ತಂಡಕ್ಕೆ ನಲವತ್ತೊಂದು, ಮೊದಲ ಸ್ಥಾನ. ಕಪ್ಪು ಅವರಿಗೆ ಸೇರಬೇಕು. ಅಂಗಡಿಯ ಯಜಮಾನರೇ, ನನ್ನ ಲೇಖನವನ್ನು ನಂಬುವಂತೆ ಮಾಡಿದ್ದಕ್ಕೆ ತಮ್ಮಲ್ಲಿ ಕ್ಷಮೆ ಕೇಳುತ್ತೇನೆ. ತಾವು ನಗುತ್ತಿರುವುದು ಕಂಡು ಧೈರ್ಯ ಬಂತು. ನಮ್ಮ ಹುಡುಗಿಯರು ಕೊನೆಯ ಎರಡು ಸಾಲಿನಲ್ಲಿದ್ದಾರೆ. ವೇದಿಕೆ ಹತ್ತುವುದಿಲ್ಲ, ಚಪ್ಪಾಳೆ ತಟ್ಟಲು ಬಂದಿದ್ದಾರೆ. ಎಷ್ಟು ತಟ್ಟಬೇಕೆಂಬುದನ್ನೂ ಅವರೇ ಲೆಕ್ಕ ಹಾಕುತ್ತಾರೆ.

ಹೊಸ ಸ್ವಯಂಸೇವಕರಿಗೆ ಒಂದೇ ಮಾತು. ನಾಳೆ ನೀವು ಈ ತಂಡವನ್ನು ಕರೆದುಕೊಂಡು ಹೋದಾಗ ಎದುರಿನವರು ಪಕ್ಕಕ್ಕೆ ಕರೆದು, "ಇವರು ಯಾರು, ಎಲ್ಲಿಯವರು?" ಎಂದು ಕೇಳುತ್ತಾರೆ. ಆಗ ಏನು ಹೇಳಬೇಕು? ನಾನು ಹುಡುಗಿಯರನ್ನೇ ಕೇಳಿದೆ, ಅವರು ಬರೆಸಿದ್ದನ್ನು ಓದುತ್ತೇನೆ. ಏಳನೇ ನಂಬರಿನವಳ ಎಡಗಾಲಿನ ಹೊಡೆತಕ್ಕೆ ಹುಷಾರು ಎಂದು ಹೇಳಿ. ಅವಳಿಜವಳಿ ಇಬ್ಬರಲ್ಲಿ ಚೆಂಡು ಯಾರ ಹತ್ತಿರ ಇದೆಯೆಂದು ಕೊನೆಯವರೆಗೂ ತಿಳಿಯುವುದಿಲ್ಲ ಎಂದು ಹೇಳಿ. ಕೀಪರ್ ಎತ್ತರದ ಚೆಂಡನ್ನು ಬಿಡುವುದೇ ಇಲ್ಲ, ಬಲಕ್ಕೆ ಹಾರುವುದು ಮಾತ್ರ ಸ್ವಲ್ಪ ತಡ...

ಅಯ್ಯೋ. ಕೊನೆಯ ಸಾಲಿನಲ್ಲಿ ಬೀಗ ಹಣೆ ಹಿಡಿದುಕೊಂಡಿದ್ದಾಳೆ. ಇದನ್ನು ಹೇಳಬೇಡಿ ಎಂದು ಪಕ್ಕದಲ್ಲಿ ಬರೆಸಿದ್ದಳು, ನನಗೆ ಕಾಣಲಿಲ್ಲ. ಮೂರನೆಯ ಸಾಲಿನಲ್ಲಿ ಕನ್ನಡಕದ ನಾಯಕಿ ಆಗಲೇ ಪೆನ್ನು ತೆಗೆದಿದ್ದಾಳೆ.

ನನ್ನ ಮಾತು ಮುಗಿಯಿತು. ಐದು ನಿಮಿಷದ ಬದಲು ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೂ, ನನ್ನನ್ನು ಎದ್ದು ನಿಲ್ಲುವಂತೆ ಮಾಡಿದ ಮೇಡಂ ಅವರಿಗೂ, ಕೇಳಿದ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.