ಗಂಟು ಮೇಲೇರಿದ ಹಗ್ಗ

ಗಂಟು ಹಾಕಿದವರೂ ಕೊಂದರು, ಹಗ್ಗ ಕತ್ತರಿಸಿದವರೂ ಕೊಂದರು. ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಹೊಳೆಯ ಮೇಲೆ ತಪ್ಪು ಹೊರಿಸಬೇಡಿ. ಹೊಳೆ ಹರಿಯಿತು, ಅಷ್ಟೆ.

ಈಗ ಕೇಳಿ. ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಮನೆಗೆ ಹೋಗಿ.

ಒಂದಾನೊಂದು ಸೀಮೆ. ಹೆಸರು ಬೇಡ, ಹೇಳಿದರೆ ನಮ್ಮದೇ ಅಂತೀರಿ. ಸೀಮೆಗೊಬ್ಬ ರಾಜ. ಸೀಮೆಯ ನಡುವೆ ಒಂದು ಹೊಳೆ. ಹೊಳೆ ದಾಟಿಸಲು ಒಂದು ಹರಿಗೋಲು. ಹರಿಗೋಲು ನಡೆಸುವವಳು ಬರಮವ್ವ, ಗಂಡ ಸತ್ತ ಮೇಲೆ ಹುಟ್ಟು ಹಿಡಿದವಳು. ಇದ್ದವಳು ಒಬ್ಬಳೇ ಮಗಳು, ಕೆಂಚವ್ವ. ಅವಳನ್ನು ಆಚೆ ದಡದ ಊರಿಗೆ ಕೊಟ್ಟಿದ್ದರು.

ಆ ಸೀಮೆಯಲ್ಲಿ ಕಾನೂನನ್ನು ಬರೆಯುತ್ತಿರಲಿಲ್ಲ, ಕಟ್ಟುತ್ತಿದ್ದರು. ಹೇಗೆ ಅಂತೀರಾ? ಹೊಳೆದಂಡೆಯ ಮತ್ತಿಮರದ ಕೊಂಬೆಯಿಂದ ನೀರಿನ ಕಡೆಗೆ ಒಂದು ಹಗ್ಗ ಇಳಿಬಿಟ್ಟಿತ್ತು. ಹಗ್ಗದ ತುದಿಗೆ ಒಂದು ಗಂಟು. ಅದನ್ನು ಹಾಕಿದವಳು ಬರಮವ್ವನ ಅತ್ತೆ, ಹೊಳೆಯಲ್ಲಿ ಮಗನನ್ನು ಕಳಕೊಂಡ ದಿನ. ಅಳುತ್ತಾ ಹಾಕಿದ ಗಂಟು ಅದು. ನೀರು ಏರಿ ಆ ಗಂಟನ್ನು ಮುಟ್ಟಿದರೆ ಹರಿಗೋಲು ಇಳಿಸಬಾರದು. ರಾಜನೇ ಬಂದು ನಿಂತರೂ ಇಳಿಸಬಾರದು. ಒಂದೇ ಗಂಟು, ಒಂದೇ ಮಾತು.

ಆಮೇಲೆ ಅಧಿಕಾರಿಗಳು ಬಂದರು. ಹರಿಗೋಲಿನ ತೊಗಲನ್ನು ನಮಗೆ ತೋರಿಸಬೇಕು ಅಂತ ಒಂದು ಗಂಟು. ಹುಟ್ಟಿನ ಉದ್ದ ಅಳೆಸಬೇಕು ಅಂತ ಇನ್ನೊಂದು ಗಂಟು. ಆಡು ಹತ್ತಿಸಿದರೆ ಆಡು ಎಲ್ಲಿ ಹುಟ್ಟಿತು ಹೇಳಬೇಕು ಅಂತ ಮತ್ತೊಂದು ಗಂಟು. ಹರಿಗೋಲಲ್ಲಿ ಯಾರೂ ಸೀನಬಾರದು ಅಂತ ಕೂಡ ಒಂದು ಗಂಟು! ಜನ ಮೂಗು ಹಿಡಿದುಕೊಂಡು ಹೊಳೆ ದಾಟಿದರು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಎಲ್ಲವನ್ನೂ ಹಳೇ ಗಂಟಿನ ಮೇಲುಗಡೆಗೇ ಹಾಕಿದರು, ಗಂಟಿನ ಮೇಲೆ ಗಂಟು, ಗಂಟಿನ ಮೇಲೆ ಗಂಟು. ಇದನ್ನು ನೆನಪಿಟ್ಟುಕೊಳ್ಳಿ.

ಕೆಂಚವ್ವ ಬಸುರಾದಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಅದು ಪದ್ಧತಿ. ಹೊಳೆ ಇನ್ನೂ ತಣ್ಣಗೆ ಹರಿಯುತ್ತಿದ್ದಾಗಲೇ ಬರಮವ್ವ ಮಗಳನ್ನು ಕರೆತರಲು ಹೊರಟಳು. ತೊಗಲಿನ ಅಧಿಕಾರಿ ತಡೆದ. ಮಳೆಗಾಲಕ್ಕೆ ಮುಂಚೆ ತೊಗಲು ತೋರಿಸಿಲ್ಲ, ಹೋಗುವಂತಿಲ್ಲ ಅಂದ. ತೋರಿಸಿದಳು. ಹುಟ್ಟಿನ ಅಧಿಕಾರಿಯ ಬಳಿ ಹೋದಳು. ಅವನು ಮಾವನ ಮನೆಗೆ ಹೋಗಿದ್ದ. ಕಾದಳು. ಹತ್ತುವ ಜನ, ಆಡು ಎಣಿಸುವ ಹೊರೆಯ ಅಧಿಕಾರಿಯ ಬಳಿ ಹೋದಳು. ಅವನು ಕೇಳಿದ, ಬಸುರಿ ಅಂದರೆ ಒಂದು ತಲೆಯೋ ಎರಡು ತಲೆಯೋ?

"ಸ್ವಾಮಿ, ನಿಮ್ಮ ತಾಯಿ ನಿಮ್ಮನ್ನು ಹೊತ್ತಾಗ ಎಷ್ಟು ತಲೆ ಅಂತ ಲೆಕ್ಕ ಹಾಕಿದ್ದರು?" ಅಂದಳು ಬರಮವ್ವ.

ಅವನಿಗೆ ಸಿಟ್ಟು ಬಂತು. ದೊಡ್ಡವರನ್ನು ಕೇಳಿ ಹೇಳುತ್ತೇನೆ ಅಂತ ಎದ್ದು ಹೋದ. ದೇವರು ಕೊಟ್ಟರೂ ಪೂಜಾರಿ ಕೊಡ.

ಅಷ್ಟರಲ್ಲಿ ಏನಾಯಿತು? ಮಳೆ ಬಂತು. ಮೇಲಿನ ಸೀಮೆಯ ಕೆಂಪುನೀರು ಇಳಿಯಿತು. ಮಗಳಿಗೆ ಸಣ್ಣಗೆ ನೋವು ಶುರುವಾಗಿದೆ ಅಂತ ಆಚೆ ದಡದಿಂದ ಕೂಗು ಬಂತು. ಅದೇ ಹೊತ್ತಿಗೆ ಮೂವರು ಅಧಿಕಾರಿಗಳೂ ಒಟ್ಟಿಗೆ ಬಂದು, ಎಲ್ಲ ಸರಿಯಿದೆ, ಇನ್ನು ಹೋಗಬಹುದು ಅಂದರು.

ಬರಮವ್ವ ನೀರು ನೋಡಿದಳು. ಎದೆ ಬೇಡ ಅಂತು. ಹಗ್ಗ ನೋಡಿದಳು. ಅತ್ತೆಯ ಗಂಟು ಒಣಗಿಯೇ ಇತ್ತು, ನೀರಿನಿಂದ ಒಂದು ಮೊಳ ಮೇಲೆ. ಹುಟ್ಟು ಹಿಡಿದ ದಿನದಿಂದ ಆ ಗಂಟು ಅವಳಿಗೆ ಸುಳ್ಳು ಹೇಳಿರಲಿಲ್ಲ. ಹರಿಗೋಲು ಇಳಿಸಿದಳು.

ಹೋಗುವಾಗ ಹೊಳೆ ಬಿಟ್ಟುಕೊಟ್ಟಿತು. ಬರುವಾಗ ಕೊಡಲಿಲ್ಲ. ನಡುಹೊಳೆಯಲ್ಲಿ ಸುಳಿ ಹಿಡಿಯಿತು. ಹೊಟ್ಟೆಯನ್ನು ಎರಡೂ ಕೈಯಲ್ಲಿ ಅವಚಿಕೊಂಡು ಕೂತಿದ್ದ ಕೆಂಚವ್ವ ಮೆಲ್ಲಗೆ ಕೇಳಿದಳು, "ಅವ್ವಾ, ಗಂಟು ನೋಡಿದ್ದೆಯಾ?"

"ನೋಡಿದ್ದೆ ಮಗಳೇ. ಒಣಗಿತ್ತು."

ಅದೇ ಕೊನೆಯ ಮಾತು.

ಬರಮವ್ವನನ್ನು ಹೊಳೆ ದಂಡೆಗೆ ಎಸೆಯಿತು. ಕೆಂಚವ್ವನ ಸೆರಗಿನ ಒಂದು ತುಂಡು ಅವಳ ಮುಷ್ಟಿಯಲ್ಲಿತ್ತು. ತಲೆ ಎತ್ತಿದರೆ ಎದುರಿಗೇ ಹಗ್ಗ. ಹಳೇ ಗಂಟು ಗಾಳಿಗೆ ತೂಗಾಡುತ್ತಿತ್ತು. ಆಗ ಅವಳಿಗೆ ಗೊತ್ತಾಯಿತು. ಗಂಟು ಹಾಕಿದಷ್ಟೂ ಹಗ್ಗ ಗಿಡ್ಡವಾಗುತ್ತದಲ್ಲವೇ? ಒಂದೊಂದು ಹೊಸ ಗಂಟೂ ಅತ್ತೆಯ ಗಂಟನ್ನು ಮೇಲೆ ಮೇಲೆ ಎಳೆದಿತ್ತು. ಬೇಡದ ನೂರು ಮಾತು ಸೇರಿ, ಬೇಕಾದ ಒಂದು ಮಾತನ್ನು ನೀರಿಗೆ ಎಟುಕದ ಹಾಗೆ ಮಾಡಿದ್ದವು. ಹಾಕಿದವರು ನೋಡಲಿಲ್ಲ. ದಿನಾ ಅದರ ಕೆಳಗೇ ಓಡಾಡಿದ ತಾನೂ ನೋಡಲಿಲ್ಲ.

ಸುದ್ದಿ ಅರಮನೆಗೆ ಹೋಯಿತು, ರಾಜ ದಂಡೆಗೆ ಬಂದ. ಎರಡು ಗುಂಪಿನವರು ಅವನ ಅಕ್ಕಪಕ್ಕ ನಿಂತು ವಾದಿಸಿದರು. ಗಂಟು ಸಾಲದೇ ಹೀಗಾಯಿತು, ಇನ್ನಷ್ಟು ಹಾಕೋಣ ಅಂತ ಅಧಿಕಾರಿಗಳು. ಗಂಟು ಹೆಚ್ಚಾಗಿಯೇ ಹೀಗಾಯಿತು, ಹಗ್ಗವನ್ನೇ ಕತ್ತರಿಸೋಣ ಅಂತ ಸಂತೆ ಸಾಹುಕಾರರು. ನೆಗಡಿ ಬಂತು ಅಂತ ಮೂಗು ಕೊಯ್ಯಲು ಹೊರಟವರು. ರಾಜನಿಗೆ ಕತ್ತರಿಸುವುದೇ ಚೆಂದ ಅನ್ನಿಸಿತು. ಕತ್ತಿ ಎತ್ತಿದ.

ಬರಮವ್ವ ಹಗ್ಗ ಹಿಡಿದುಕೊಂಡಳು. "ಕತ್ತರಿಸಬೇಡಿ ಮಹಾಸ್ವಾಮಿ, ಬಿಚ್ಚಿ. ಕೂತು ಒಂದೊಂದನ್ನೇ ಬಿಚ್ಚಿ. ತುದಿಯ ಗಂಟು ಒಂದನ್ನು ಉಳಿಸಿ."

ಬಿಚ್ಚುವುದಕ್ಕೆ ಪುರುಸೊತ್ತು ಎಲ್ಲಿದೆ ತಾಯಿ ಅಂದ ರಾಜ. ಕತ್ತರಿಸಿದ. ಸಾಹುಕಾರರು ಚಪ್ಪಾಳೆ ತಟ್ಟಿದರು. ಹಗ್ಗ ಹೊಳೆಯಲ್ಲಿ ಹೋಯಿತು, ಅತ್ತೆಯ ಕಣ್ಣೀರಿನ ಗಂಟೂ ಹೋಯಿತು.

ಮರುವರ್ಷದ ಮಳೆಯಲ್ಲಿ ಸಾಹುಕಾರನೊಬ್ಬ ತನ್ನ ಹೊಸ ಹರಿಗೋಲಿನ ತುಂಬ ಕಳೆ ಕೀಳುವ ಹೆಂಗಸರನ್ನು ಹತ್ತಿಸಿದ. ನೀರು ಕೊಂಬೆಗೇ ಬಡಿಯುತ್ತಿತ್ತು. ಬೇಡ ಬೇಡ ಅಂತ ಬರಮವ್ವ ದಂಡೆಯುದ್ದಕ್ಕೂ ಓಡಿದಳು. ಯಾವ ಗಂಟು ಬೇಡ ಅನ್ನುತ್ತದೆ ತೋರಿಸು ಮುದುಕಿ ಅಂತ ಅವನು ನಕ್ಕ. ತೋರಿಸಲು ಏನಿತ್ತು? ನೀರು ಇಳಿದ ಮೇಲೆ ಮರಳಲ್ಲಿ ಹಸಿರು ಬಳೆಗಳು ಸಿಕ್ಕವು.

ಬರಮವ್ವ ಅಳಲಿಲ್ಲ. ಹೊಸ ಹಗ್ಗ ಹೊಸೆದಳು. ತುದಿಗೆ ಮಗಳ ಸೆರಗಿನ ತುಂಡು ಸೇರಿಸಿ ಒಂದು ಗಂಟು ಹಾಕಿ ಮತ್ತಿಮರಕ್ಕೆ ಕಟ್ಟಿ ಕೆಳಗೆ ಕೂತಳು. ಇನ್ನೊಂದು ಗಂಟು ಹಾಕಲು ಅಧಿಕಾರಿ ಬಂದರೆ ಕೇಳುತ್ತಿದ್ದಳು, "ಇದಕ್ಕೆ ಅತ್ತವರು ಯಾರು?" ಕತ್ತರಿಸಲು ಸಾಹುಕಾರ ಬಂದರೂ ಕೇಳುತ್ತಿದ್ದಳು, "ಇದು ಹೋದರೆ ಅಳುವವರು ಯಾರು?" ಇಬ್ಬರೂ ಬಂದ ದಾರಿ ಹಿಡಿದರು.

ಈಗ ಅವಳೂ ಇಲ್ಲ. ಮರದ ಕೆಳಗಿನ ಜಾಗ ಖಾಲಿ ಇದೆ.

ಕಥೆ ದಡ ಸೇರಿತು, ಹೇಳಿದ ನಾಲಿಗೆ ಒಣಗಿತು. ನೀವು ಹೂಂಗುಟ್ಟಿದ್ದು ಸಾಕು. ಎದ್ದು ನಿಮ್ಮ ಹೊಳೆದಂಡೆಗೆ ಹೋಗಿ. ನಿಮ್ಮ ಹಗ್ಗವನ್ನು ಕೈಗೆ ತೆಗೆದುಕೊಂಡು ಒಂದೊಂದು ಗಂಟಿಗೂ ಅವಳ ಎರಡು ಪ್ರಶ್ನೆ ಕೇಳಿ. ಯಾರೂ ಅಳದ ಗಂಟನ್ನು ಇವತ್ತೇ ಬಿಚ್ಚಿ. ಅತ್ತು ಹಾಕಿದ ಗಂಟಿಗೆ ಯಾರಾದರೂ ಕತ್ತಿ ತಂದರೆ, ಆ ಕೈ ಹಿಡಿಯಿರಿ. ಬಿಡಬೇಡಿ.